ಯಾರಿಗೂ ಕಾಯದ ಪಕ್ಕವಾದ್ಯ

"ಆ ಗುಂಯ್ ಅನ್ನೋ ಶಬ್ದ... ನೀವಾ ಮಾಡ್ತಾ ಇರೋದು?"

ಬಾಗಿಲು ತಟ್ಟದೆ ಒಳಗೆ ನುಗ್ಗಿದವನ ಕೈಯಲ್ಲಿ ಸ್ಕ್ರೂಡ್ರೈವರ್, ಕೊರಳಲ್ಲಿ ಹೆಡ್‌ಫೋನು, ಮುಖದ ತುಂಬ ಧೂಳು. ಅವಳು ತೊಡೆಯ ಮೇಲಿದ್ದ ಟ್ಯೂಬಾ ಎಂಬ ದೈತ್ಯ ಕಹಳೆಯಿಂದ ತುಟಿ ತೆಗೆದಳು.

"ಶಬ್ದ ಅಲ್ಲ. ಸ್ವರ."

"ನಾನು ಕೆಳಗಿನ ರೆಕಾರ್ಡಿಂಗ್ ಕೋಣೆಯವನು ಕಣ್ರೀ. ಸ್ಪೀಕರ್ ಕೆಟ್ಟಿದೆ ಅಂತ ವಾರದಿಂದ ಒಂದೊಂದೇ ವೈರು ಕಿತ್ತು ನೋಡ್ತಾ ಇದೀನಿ. ಇವತ್ತು ಕರೆಂಟ್ ಹೋಯ್ತು, ಆದ್ರೂ ಗುಂಯ್ ಅಂತು. ಆಗ ತಲೆಗೆ ಹೊಳೀತು."

ಅವಳಿಗೆ ನಗು ತಡೆಯಲಾಗಲಿಲ್ಲ. ಆ ಹಿತ್ತಾಳೆಯ ಗುಡ್ಡವನ್ನು ನೋಡಿ ನಗುವವರೇ ಎಲ್ಲ. ಅಕ್ಕನಂತೂ ಅದನ್ನು "ನಿಮ್ಮ ಯಜಮಾನ್ರು" ಎಂದೇ ಕರೆಯುತ್ತಿದ್ದಳು. ಆದರೆ ಇವನು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತ.

"ಇನ್ನೊಂದ್ಸಲ ನುಡಿಸ್ತೀರಾ?"

ಯಾರೂ ಹೀಗೆ ಕೇಳಿರಲಿಲ್ಲ... ಅವಳು ಮತ್ತೆ ತುಟಿ ಹಚ್ಚಿದಳು.

ನಗರದ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತು ಭಂ ಭಂ ಅನ್ನುವುದೇ ಅವಳ ಕೆಲಸ. ಈ ವರ್ಷ ಒಬ್ಬರಿಗೆ ಇಡೀ ಸಂಜೆಯ ಏಕವಾದನ ಸಿಗಲಿತ್ತು. ಆಯ್ಕೆಗೆ ಷರತ್ತು ಒಂದೇ: ಮೊದಲೇ ರೆಕಾರ್ಡ್ ಮಾಡಿದ ಎಲೆಕ್ಟ್ರಾನಿಕ್ ಪಕ್ಕವಾದ್ಯದ ಜೊತೆ ಒಬ್ಬರೇ ನುಡಿಸಬೇಕು. ಕೊಳಲಿಗೆ, ಪಿಟೀಲಿಗೆ ಅಂಥ ಕೃತಿಗಳು ಬೇಕಾದಷ್ಟು. ಟ್ಯೂಬಾಕ್ಕೆ? ಗ್ರಂಥಾಲಯ ಜಾಲಾಡಿದರೂ ಸಿಕ್ಕಿದ್ದು ಎರಡೇ. ಒಂದರ ಧ್ವನಿಮುದ್ರಣ ಕಳೆದುಹೋಗಿತ್ತು, ಇನ್ನೊಂದು ಮಕ್ಕಳ ಪಾಠದಂತಿತ್ತು.

"ಅಷ್ಟೇನಾ?" ಎಂದ ಅವನು, ಅವಳ ಗೋಳನ್ನೆಲ್ಲ ಕೇಳಿ. "ಬನ್ನಿ ನನ್ನ ಜೊತೆ."

ಅವನ ಕಪಾಟಿನ ತಳದಲ್ಲಿ ಯಾರೋ ಹಳೆಯ ಮೇಷ್ಟ್ರು ರಚಿಸಿಟ್ಟಿದ್ದ ಕೃತಿಯಿತ್ತು. ಪಕ್ಕವಾದ್ಯದ ಟೇಪಿನ ಜೊತೆಗೇ ಸ್ವರಲಿಪಿ. ಸ್ಪೀಕರಿನಿಂದ ಲೋಹ ಉಜ್ಜಿದಂಥ ಸದ್ದುಗಳು ಎದ್ದವು, ಅವುಗಳ ಅಡಿಯಲ್ಲಿ ಟ್ಯೂಬಾಕ್ಕೆಂದೇ ಬಿಟ್ಟ ಖಾಲಿ ಜಾಗ. ಅವಳ ಕಣ್ಣು ತುಂಬಿತು.

ಅಂದಿನಿಂದ ಪ್ರತಿ ಸಂಜೆ ಅಭ್ಯಾಸ. ಅವನು ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಗುಂಡಿ ಒತ್ತುತ್ತಿದ್ದ, ಅವಳು ನುಡಿಸುತ್ತಿದ್ದಳು. ಒಂದು ದಿನವೂ ತಾಳ ತಪ್ಪಲಿಲ್ಲ. 'ಇಷ್ಟು ಕಷ್ಟದ್ದು ಇಷ್ಟು ಬೇಗ ಒಲಿಯಿತಲ್ಲ...' ಎಂದು ಅವಳಿಗೆ ಹೆಮ್ಮೆ. ಇವನೂ ಒಲಿದಿದ್ದಾನೆಯೇ? ಅದನ್ನು ಕೇಳಲು ಮಾತ್ರ ಬಾಯಿ ಬರಲಿಲ್ಲ.

ಆಯ್ಕೆಯ ಹಿಂದಿನ ದಿನ ಸಭಾಂಗಣದಲ್ಲಿ ತಾಲೀಮು. ಅವನಿಗೆ ಬೇರೆ ಕೆಲಸವಿತ್ತು. ಅಲ್ಲಿನ ಸಿಬ್ಬಂದಿಯೊಬ್ಬ ಅವಳು ತಂದಿದ್ದ ಮೂಲ ಟೇಪನ್ನೇ ಹಾಕಿದ. ಮೂರನೇ ಪುಟದ ಉದ್ದನೆಯ ತಗ್ಗು ಸ್ವರ ಮುಗಿಸಿ ಅವಳು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಪಕ್ಕವಾದ್ಯ ಮುಂದೆ ಹೋಗಿಯೇಬಿಟ್ಟಿತು. ಮತ್ತೆ ನುಡಿಸಿದಳು. ಮತ್ತೆ ಅದೇ ಗತಿ.

"ಇದೇನು ನಿಮಗೋಸ್ಕರ ನಿಲ್ಲತ್ತಾ ಮೇಡಂ? ರೆಕಾರ್ಡಿಂಗು," ಎಂದ ಸಿಬ್ಬಂದಿ.

ನಿಲ್ಲುತ್ತಿತ್ತಲ್ಲ... ಇಷ್ಟು ದಿನ ನಿಲ್ಲುತ್ತಿತ್ತಲ್ಲ! ಅವಳಿಗೆ ಎಲ್ಲ ಅರ್ಥವಾಯಿತು. ಸಿಟ್ಟು ನೆತ್ತಿಗೇರಿತು.

ಅವನ ಕೋಣೆಗೆ ಹೋದವಳೇ ಕೇಳಿದಳು: "ಏನು ಮಾಡ್ತಿದ್ರಿ ನೀವು?"

ಅವನು ಸುಳ್ಳು ಹೇಳಲಿಲ್ಲ. "ಟ್ರ್ಯಾಕ್‌ನ ತುಂಡು ತುಂಡು ಮಾಡಿಟ್ಟಿದ್ದೆ. ನೀವು ಉಸಿರು ತಗೊಂಡ ಮೇಲೇ ಮುಂದಿನ ತುಂಡು ಬಿಡ್ತಿದ್ದೆ."

"ನನ್ನ ಕೈಲಿ ಆಗಲ್ಲ ಅಂತಾನಾ?"

"ಅಲ್ಲ. ನೀವು ಏದುಸಿರು ಬಿಡೋದು ನೋಡೋಕಾಗ್ಲಿಲ್ಲ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಇದ್ದೆ. ನಿಮ್ಮ ಮುಖದ ಖುಷಿ ನೋಡಿ ಬಾಯೇ ಬರ್ಲಿಲ್ಲ." ಅವನು ತಲೆ ತಗ್ಗಿಸಿದ. "ನಿಮ್ಮನ್ನ ತುಂಬಾ ಇಷ್ಟಪಟ್ಟುಬಿಟ್ಟಿದೀನಿ ಕಣ್ರೀ."

ಎಷ್ಟು ದಿನದಿಂದ ಕೇಳಬೇಕೆಂದಿದ್ದ ಮಾತು... ಬಂದದ್ದು ಎಂಥ ಹೊತ್ತಿನಲ್ಲಿ! ಅವಳು ಟ್ಯೂಬಾ ಎತ್ತಿಕೊಂಡಳು.

"ಆ ಮಾತು ನಾಳೆ ಆದ್ಮೇಲೆ. ಈಗ ಇಡೀ ಟ್ರ್ಯಾಕ್ ಹಾಕಿ. ಒಂದೇ ಸಲ ಗುಂಡಿ ಒತ್ತಿ, ಆಮೇಲೆ ಕೈ ಕಟ್ಟಿ ಕೂತ್ಕೊಳ್ಳಿ."

ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಟ್ರ್ಯಾಕ್ ನಿಲ್ಲಿಸಲು ಅವನ ಕೈ ಚಡಪಡಿಸಿತು. ಅವಳು ಒಮ್ಮೆ ಕಣ್ಣು ಬಿಟ್ಟು ನೋಡಿದ್ದೇ ಸುಮ್ಮನಾಯಿತು. ಕೊನೆಗೆ ದಾರಿ ಅವಳಿಗೇ ಹೊಳೆಯಿತು. ಉದ್ದನೆಯ ಸ್ವರಕ್ಕೆ ಮೊದಲಿನ ಪುಟ್ಟ ಸ್ವರವನ್ನು ಚುಟುಕಾಗಿ ಮುಗಿಸಿ ಅಲ್ಲೇ ಉಸಿರು ತುಂಬಿಕೊಂಡರೆ, ಆಮೇಲೆ ನಿಲ್ಲಬೇಕಾಗಿಯೇ ಇಲ್ಲ. ಮನೆಗೆ ಹೊರಟಾಗ ತುಟಿ ಊದಿತ್ತು, ಮನಸ್ಸು ಹಗುರಾಗಿತ್ತು.

ಮರುದಿನ ವೇದಿಕೆಯ ಮೇಲೆ ಅವಳೊಬ್ಬಳೇ. ಸ್ಪೀಕರುಗಳು ಗುಡುಗಿದವು, ಅವಳು ಅವುಗಳ ಅಡಿಗೆ ನೆಲ ಹಾಸುತ್ತ ಹೋದಳು. ಮೂರನೇ ಪುಟ ಬಂತು. ಉಸಿರು ತುಂಬಿಕೊಂಡಳು, ದಾಟಿದಳು. ಈ ಸಲ ಹೆಮ್ಮೆ ಪೂರ್ತಿ ಅವಳದೇ ಆಗಿತ್ತು.

"ಈ ವರ್ಷದ ಸಂಜೆ ನಿನ್ನದಮ್ಮ," ಎಂದರು ಆಯ್ಕೆ ಸಮಿತಿಯ ಹಿರಿಯಾಕೆ.

ಸಭಾಂಗಣ ಖಾಲಿಯಾದ ಮೇಲೆ ಅವನು ವೇದಿಕೆಯ ಮೆಟ್ಟಿಲ ಹತ್ತಿರ ಬಂದು ನಿಂತ. ಮೇಲೆ ಹತ್ತಲು ಧೈರ್ಯ ಸಾಲಲಿಲ್ಲ.

"ಸಿಟ್ಟು ಹೋಯ್ತಾ?"

"ಇನ್ನೂ ಸ್ವಲ್ಪ ಇದೆ. ಇನ್ಮೇಲೆ ನಾನು ನುಡಿಸುವಾಗ ನನಗೋಸ್ಕರ ಕಾಯಬಾರದು. ಎಡವಿದ್ರೆ ಎಡವ್ತೀನಿ, ನಾನೇ ಏಳ್ತೀನಿ."

"ಕಾಯಲ್ಲ. ಮತ್ತೆ... ನುಡಿಸದೇ ಇರೋವಾಗ?"

ಅವಳ ಕೆನ್ನೆ ಕೆಂಪಾಯಿತು. ಬಗ್ಗಿ ಟ್ಯೂಬಾದ ಪೆಟ್ಟಿಗೆ ತೆರೆದಳು.

"ಇದನ್ನ ಒರೆಸಿ ಒಳಗಿಡೋಕೆ ಹೊತ್ತಾಗತ್ತೆ. ಆಮೇಲೆ ಅಕ್ಕನ ಮನೆಗೆ ಹೋಗ್ಬೇಕು, ನಿನ್ನನ್ನೂ ಕರ್ಕೊಂಡು. ಕಾಯ್ತೀಯಾ?"

"ಕಾಯ್ತೀನಿ," ಎಂದು ಅವನು ಮೆಟ್ಟಿಲ ಮೇಲೆ ಕೂತ.