ಬಿಳಿ ದಾರಿಯ ಜಾಲಿಕಂಟಿ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಜಸ್ಮೀನ ಹಳೆಯ ಕಲ್ಲುಖಣಿಯ ಅಂಚಿಗೆ ಬಂದು ಕೆಳಗೆ ಬಗ್ಗಿ ನೋಡಿದಳು. ಹದಿನೈದು ಅಡಿ ಕೆಳಗೆ ಒಂದು ಸೈಕಲ್ ಚಕ್ರ ಮೇಲಾಗಿ ಬಿದ್ದಿತ್ತು. ಅದರಡಿ ಸಪ್ನಾ. ಅವಳ ಬಲಗಾಲು ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿ, ಕೈಗೆ ಸಿಕ್ಕ ಕಲ್ಲಿನಿಂದ ಹ್ಯಾಂಡಲ್ ಬಡಿಯುತ್ತಿದ್ದಳು. ಆ ಸದ್ದು ಹಿಡಿದೇ ಜಸ್ಮೀನ ಅಲ್ಲಿಗೆ ಬಂದದ್ದು.

ನಾವು ತಲುಪಿದಾಗ ಒಂಬತ್ತೂಕಾಲು. ನಾವೆಂದರೆ ಪಿಎಸ್‌ಐ ಮಧುಮತಿ ಮೇಡಂ ಮತ್ತು ಹೆಡ್ ಕಾನ್‌ಸ್ಟೇಬಲ್ ಧರ್ಮರಾಜನಾದ ನಾನು. ನನ್ನ ನಿವೃತ್ತಿಗೆ ಇನ್ನೂ ಎಂಟು ತಿಂಗಳಿದೆ. ನನ್ನ ಮೊಣಕಾಲುಗಳು ಆಗಲೇ ನಿವೃತ್ತಿ ತೆಗೆದುಕೊಂಡಿವೆ.

ಆಳಂದ ತಾಲೂಕಿನ ಮಟಕಿಗೂ ಕಿಣ್ಣಿ ಸುಲ್ತಾನಕ್ಕೂ ನಡುವಿನ ಈ ಗುಡ್ಡದಲ್ಲಿ ಜನ ಸೈಕಲ್ ಹೊಡೆಯುತ್ತಾರೆಂದು ಕೇಳಿದ್ದೆ. ಒಳ್ಳೆಯ ಡಾಂಬರು ರಸ್ತೆ ಬಿಟ್ಟು ಕಲ್ಲಿನಲ್ಲಿ ಯಾಕೆ ಹೊಡೆಯಬೇಕೆಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಜಮೀನು ದೌಲತರಾಯರದು. ಸೈಕಲ್ ಕ್ಲಬ್ಬಿಗೆ ಅಧ್ಯಕ್ಷರೂ ಅವರೇ. ಕ್ಲಬ್ಬಿನ ಶೆಡ್ಡಿನಿಂದ ಹೊರಟ ದಾರಿ ಬೇವಿನ ಮರದ ಹತ್ತಿರ ಎರಡಾಗುತ್ತದೆ. ಬಿಳಿ ಬಳಿದ ಕಲ್ಲುಗಳ ದಾರಿ ಹೊಸಬರಿಗೆ. ಅದು ಗುಡ್ಡ ಸುತ್ತಿ ಹಿಂದಿನ ಬಂಡಿದಾರಿಗೆ ಸೇರುತ್ತದೆ. ಕೆಂಪು ಕಲ್ಲುಗಳ ದಾರಿ ಪಳಗಿದವರಿಗೆ. ಅದು ಖಣಿಯ ಅಂಚಿನಲ್ಲಿ ಮೂರು ಕಲ್ಲುಮೆಟ್ಟಿಲುಗಳನ್ನು ಹಾರಿ ಇಳಿಯುತ್ತದೆ.

ಎರಡೂ ಬಗೆಯವರು ಒಂದೇ ದಿನ ಬಂದರೆ ಡಿಕ್ಕಿ ಹೊಡೆದುಕೊಳ್ಳುತ್ತಾರೆ. ಅದಕ್ಕೆ ಶನಿವಾರ ಕೆಂಪು, ಭಾನುವಾರ ಬಿಳಿ ಎಂದು ಹಂಚಿಕೊಂಡಿದ್ದರು. ಅವತ್ತು ಬೇಡವಾದ ದಾರಿಯ ಬಾಯಿಗೆ ಜಾಲಿಕಂಟಿ, ಅಂದರೆ ಕಡಿದ ಜಾಲಿಮುಳ್ಳಿನ ಕೊಂಬೆ, ಅಡ್ಡ ಎಳೆಯುತ್ತಿದ್ದರು. ನಮ್ಮ ಹೊಲಗಳಲ್ಲಿ ಮಾಡುವುದೂ ಹಾಗೆಯೇ. ಮುಳ್ಳಿದ್ದರೆ ದಾರಿ ಬಂದ್, ಇಲ್ಲದಿದ್ದರೆ ಹೋಗಬಹುದು. ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು.

ಈ ಭಾನುವಾರ ಮುಳ್ಳು ಬಿಳಿ ದಾರಿಗೆ ಬಿದ್ದಿತ್ತು. ಕೆಂಪು ದಾರಿ ಬಾಯಿ ತೆರೆದುಕೊಂಡಿತ್ತು. ಶಾಲೆಯ ಟೀಚರಾದ ಸಪ್ನಾ, ಸೈಕಲ್ ಹಿಡಿದು ಬರೀ ಎರಡನೇ ವಾರ, ಕಲ್ಲಿನ ಬಣ್ಣವನ್ನು ನೋಡಲಿಲ್ಲ. ಮುಳ್ಳನ್ನು ನಂಬಿದಳು.

ಆಂಬುಲೆನ್ಸಿಗೆ ಹತ್ತಿಸುವಾಗ ಮೇಡಂ ಅವಳ ಬಾಯಿಯ ಹತ್ತಿರ ಕಿವಿ ತಂದರು. ಆರೂಕಾಲಿಗೆ ಬಿದ್ದಳಂತೆ.

“ಮ್ಯಾಲ ಯಾರೋ ಬಂದ್ರು ಮೇಡಂ. ಸೈಕಲ್ ಸಪ್ಪಳ ನಿಂತಿತು. ನಾ ಕೂಗಿದೆ. ಒಂದು ಗಳಿಗಿ ನಿಂತು, ಮತ್ತ ಹೋದ್ರು.”

ನೋವಿನಲ್ಲಿ ಏನೋ ಕೇಳಿಸಿರಬೇಕು ಎಂದುಕೊಂಡೆ. ಮೇಡಂ ಹಾಗೆ ಅಂದುಕೊಳ್ಳಲಿಲ್ಲ.

* * *

ಹತ್ತೂವರೆಗೆ ಪ್ರಬುದ್ಧನನ್ನು ಠಾಣೆಗೆ ಕರೆತಂದೆವು. ಇಪ್ಪತ್ತಾರರ ಹುಡುಗ, ಕೈ ತುಂಬ ಮುಳ್ಳಿನ ಗೀರು. ಗುಡ್ಡದ ಎರಡೂ ದಾರಿಗಳನ್ನು ಕಡಿದವನು, ಕಲ್ಲಿಗೆ ಬಣ್ಣ ಬಳಿದವನು, ಪ್ರತಿ ವಾರ ಕಂಟಿ ಹಚ್ಚುವವನು ಅವನೇ. ಬೇವಿನ ಮರದ ಬುಡದಲ್ಲಿ ಅವನ ಕುಡುಗೋಲು ಸಿಕ್ಕಿತ್ತು.

ದೌಲತರಾಯರು ಅವನಿಗಿಂತ ಮೊದಲೇ ಬಂದು ಕುರ್ಚಿ ಹಿಡಿದಿದ್ದರು. ಹೋದ ವಾರದ ಸಭೆಯ ಕಥೆಯನ್ನು ಅವರೇ ಬಿಚ್ಚಿದರು. ಹೊಸಬರು ಹೆಚ್ಚಾಗಿದ್ದಾರೆ, ಖಣಿಯ ಮೆಟ್ಟಿಲು ಮುಚ್ಚಿ ಇಡೀ ಗುಡ್ಡವನ್ನೇ ಬಿಳಿ ಮಾಡೋಣ ಎಂದು ಜಸ್ಮೀನ ಕೇಳಿದ್ದಳಂತೆ. ಹೊಸಬರಿಗೆ ಕಲಿಸುವವಳು ಅವಳು. ರಾಯರ ಅಣ್ಣನ ಮಗ ಸಂತೋಷಕುಮಾರ ರೇಗಿ, ಹಾಗಾದರೆ ಜೋಕಾಲಿ ಕಟ್ಟಿ ಮಕ್ಕಳನ್ನು ಆಡಿಸಿರಿ ಎಂದಿದ್ದನಂತೆ. ಶೆಡ್ಡಿನಲ್ಲಿಟ್ಟ ರೇಸಿನ ಕಪ್ಪುಗಳೆಲ್ಲ ಅವನು ಗೆದ್ದವು. ಯುಗಾದಿಯ ರೇಸಿನಲ್ಲಿ ಮಾತ್ರ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದನಂತೆ, ಈಗ ಕೂಡಿಕೊಂಡಿದೆಯಂತೆ. ಪ್ರಬುದ್ಧ ಮಾತ್ರ ಎರಡೂ ಇರಲಿ, ನಡುವೆ ಇನ್ನೊಂದು ದಾರಿ ಕಡಿದುಕೊಡುತ್ತೇನೆ ಅಂದನಂತೆ. ಬೀಳದೆ ಯಾರೂ ಕಲಿಯುವುದಿಲ್ಲ ಎಂದೂ ಅಂದಿದ್ದನಂತೆ.

“ಬೀಳಸೇ ಬಿಟ್ಟ ನೋಡ್ರಿ,” ಎಂದರು ರಾಯರು.

ಪ್ರಬುದ್ಧ ಹೇಳಿದ್ದು ಎರಡೇ ಮಾತು. “ಶನಿವಾರ ಸಂಜೀಕ ಕೆಂಪು ದಾರಿಗೆ ಕಂಟಿ ಹಚ್ಚೇನ್ರಿ. ಆಮ್ಯಾಲಿಂದು ನಂಗ ಗೊತ್ತಿಲ್ರಿ.” ಕಂಡವರು ಯಾರು ಎಂದರೆ ಯಾರೂ ಇಲ್ಲ. ಬೇರೆ ಯಾರ ಮೇಲಾದರೂ ಅನುಮಾನವೇ ಎಂದರೆ ನೆಲ ನೋಡಿದ.

ಇವನೇ ಮಾಡಿದ್ದಾನೆ ಎಂದು ನನಗೆ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಮೇಜಿನ ಮೇಲೆ ಒಂದು ಕಾಗದ ಬಿದ್ದಿತ್ತು. ಪ್ರಬುದ್ಧ ಅರಣ್ಯ ರಕ್ಷಕನ ಕೆಲಸಕ್ಕೆ ಆಯ್ಕೆಯಾಗಿದ್ದ. ಅವನ ಮೇಲೆ ಯಾವ ಪ್ರಕರಣವೂ ಇಲ್ಲ ಎಂದು ನಾವು ಬರೆದುಕೊಡಬೇಕಿತ್ತು. ಸಂಜೆಯೊಳಗೆ ಎಫ್‌ಐಆರ್‌ನಲ್ಲಿ ಅವನ ಹೆಸರು ಬಿದ್ದರೆ ಆ ಕೆಲಸ ಹೋದಂತೆಯೇ. ಅವನ ತಾಯಿ ಮಲ್ಕಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ನಲವತ್ತು ವರ್ಷ ಬೇರೆಯವರ ತೊಗರಿ ಹೊಲದಲ್ಲಿ ಕೂಲಿ ಮಾಡಿದ ಹೆಂಗಸು. ನೀರು ಕೊಟ್ಟರೆ ಕುಡಿಯಲಿಲ್ಲ. ಒಳಗಿದ್ದ ಮಗ ಕಿಟಕಿಯ ಸರಳಿನಿಂದ ಅವಳ ಬೆನ್ನನ್ನು ನೋಡುತ್ತ ಕುಳಿತಿದ್ದ. ನನಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ.

ರಾಯರು ಎಫ್‌ಐಆರ್ ಬರೆಯಿರಿ ಎಂದು ಮೂರು ಸಲ ಹೇಳಿದರು. ಮೂರನೇ ಸಲಕ್ಕೆ ಮೇಡಂ ಟೋಪಿ ತೆಗೆದುಕೊಂಡು ಎದ್ದು, ಗುಡ್ಡಕ್ಕೆ ಇನ್ನೊಮ್ಮೆ ಹೋಗೋಣ ಎಂದರು. ನನ್ನ ಮೊಣಕಾಲನ್ನು ಯಾರೂ ಕೇಳಲಿಲ್ಲ.

* * *

ದಾರಿಯಲ್ಲಿ ನನ್ನ ಬುದ್ಧಿ ಓಡಿಸಿದೆ. ಖಣಿ ಮುಚ್ಚಬೇಕೆಂದು ಹಟ ಹಿಡಿದವಳು ಜಸ್ಮೀನ. ಒಬ್ಬರು ಬಿದ್ದರೆ ಅವಳ ಮಾತು ಗೆಲ್ಲುತ್ತದೆ. ನೋಡಿದವಳೂ ಅವಳೇ. ಮೇಡಂ ನಕ್ಕರು. ಅವರು ಆಗಲೇ ವಿಚಾರಿಸಿದ್ದರು. ಬೆಳಿಗ್ಗೆ ಏಳೂವರೆಯವರೆಗೆ ಜಸ್ಮೀನ ಆಳಂದದಲ್ಲಿ ತನ್ನ ಮನೆಯಲ್ಲೇ ಇದ್ದಳು. ಆಮೇಲೆ ನಾಲ್ವರು ಹೊಸಬರ ಜೊತೆ ಟಂಟಂ ಆಟೋದಲ್ಲಿ ಬಂದಿದ್ದಳು. ಸಂತೋಷಕುಮಾರ ನಸುಕಿನ ಐದಕ್ಕೇ ಅಫಜಲಪುರದ ಕಡೆ, ಭೀಮಾ ದಂಡೆಯವರೆಗೆ ಸೈಕಲ್ ಹೊಡೆದುಕೊಂಡು ಹೋಗಿದ್ದೆ ಎಂದಿದ್ದ. ಹಾಗಾಗಿ ಉಳಿದವನು ಪ್ರಬುದ್ಧನೇ.

ಬೇವಿನ ಮರದ ಹತ್ತಿರ ಮೇಡಂ ಕಂಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಬಹಳ ಹೊತ್ತು ಏಳಲಿಲ್ಲ. ಜೇವರ್ಗಿ ತಾಲೂಕಿನ ಅಂದೋಲಾದವರು ಅವರು, ಹೊಲದಲ್ಲಿ ಬೆಳೆದವರು.

“ಧರ್ಮರಾಜರ, ಜಾಲಿಕಂಟಿ ಎಳದೀರೇನು?”

“ಎಳದೇನ್ರಿ. ಅಂಗಿನೂ ಹರಕೊಂಡೇನಿ.”

“ಯಾವ ಕಡೆ ಹಿಡಿದು ಎಳದ್ರಿ?”

“ಬುಡ ಹಿಡಿದು ಎಳೀಬೇಕ್ರಿ. ತುದಿ ಹಿಡದ್ರ ಕೈ ಉಳೀತಾವೇನು?”

“ಅಂದ್ರ ಎಳದಾಂವ ಬುಡದ ಕಡೆ ನಿಂತಿರ್ತಾನ. ಈ ಬುಡ ಯಾವ ಕಡೆ ಅವ ನೋಡ್ರಿ.”

ನೋಡಿದೆ. ಐದು ಕಂಟಿ. ಐದರ ಬುಡವೂ ಬಿಳಿ ದಾರಿಯ ಒಳಗಡೆಗೆ. ಮುಳ್ಳಿನ ತುದಿಗಳು ನಮ್ಮ ಕಡೆಗೆ, ಶೆಡ್ಡಿನ ಕಡೆಗೆ. ಪ್ರಬುದ್ಧನಾಗಲಿ ಇನ್ನಾರಾಗಲಿ ಶೆಡ್ಡಿನ ಕಡೆಯಿಂದ ಬಂದು ದಾರಿ ಮುಚ್ಚಿ ಮರಳಿದ್ದರೆ ಬುಡಗಳು ಹೊರಗಿರಬೇಕಿತ್ತು. ಇದನ್ನು ಎಳೆದವನು ಒಳಗೆ ಹೋಗಿ, ಬಾಗಿಲು ಎಳೆದುಕೊಂಡಂತೆ ತನ್ನ ಹಿಂದೆ ಕಂಟಿ ಎಳೆದುಕೊಂಡಿದ್ದ.

ಬೆಳಿಗ್ಗೆಯಿಂದ ನೂರು ಜನ ಕೆಂಪು ದಾರಿಯನ್ನು ತುಳಿದು ಹಾಳು ಮಾಡಿದ್ದರು. ಬಿಳಿ ದಾರಿಯೊಳಗೆ ಒಬ್ಬರೂ ಕಾಲಿಟ್ಟಿರಲಿಲ್ಲ. ಮುಳ್ಳಿತ್ತಲ್ಲ. ನಾನೂ ಇಟ್ಟಿರಲಿಲ್ಲ.

* * *

ಶುಕ್ರವಾರ ಮಳೆ ಬಿದ್ದು ಗುಡ್ಡದ ಕೆಂಪು ಗರಸುಮಣ್ಣು ಇನ್ನೂ ಹಸಿಯಾಗಿತ್ತು. ಒಂದೇ ಸೈಕಲ್ಲಿನ ಗುರುತು. ಓದಲು ಬರುವವರಿಗೆ ಅದು ತೆರೆದಿಟ್ಟ ಪುಸ್ತಕ, ನನಗೆ ಬರೀ ಗೆರೆ. ಮೇಡಂ ಜಸ್ಮೀನಳನ್ನು ಕರೆಸಿದರು.

ಹೊಸಬರು ಹೊಡೆದ ಹಾಗಿದೆ ಎಂದಳು ಅವಳು. ಸಣ್ಣ ತಿರುವಿಗೂ ಬ್ರೇಕು ಹಿಡಿದು ಚಕ್ರ ಜಾರಿದೆ. ಮೊಣಕಾಲೆತ್ತರದ ಇಳಿಜಾರಿನಲ್ಲೂ ಕಾಲು ಕೆಳಗಿಟ್ಟಿದ್ದಾರೆ. ಆಮೇಲೆ ಅವಳು ಹೆಜ್ಜೆಗುರುತಿನ ಹತ್ತಿರ ಬಗ್ಗಿದಳು. ಅಂಗಾಲಿನ ಮುಂಭಾಗದಲ್ಲಿ ಒಂದು ಚೌಕ ಗುಂಡಿ ಆಳವಾಗಿ ಬಿದ್ದಿತ್ತು.

“ಇದು ಪೆಡಲಿಗೆ ಕಚ್ಚೋ ಬೂಟ್ರಿ ಮೇಡಂ. ಅಡೀಗಿ ಕಬ್ಬಿಣದ ಬಿಲ್ಲೆ ಇರ್ತದ. ಹೊಸಬರು ಹಾಕೋದಿಲ್ಲ, ರೇಸಿನವರು ಹಾಕ್ತಾರ. ನಮ್ಮಾಗ ಒಬ್ಬರ ಹತ್ರನೇ…” ಅಷ್ಟಕ್ಕೆ ನಿಲ್ಲಿಸಿದಳು.

ಮುಂದೆ ಬಿಳಿ ದಾರಿ ಖಣಿಯ ಇನ್ನೊಂದು ಅಂಚಿನ ಹತ್ತಿರ ಹಾದುಹೋಗುವ ಜಾಗ. ಅಲ್ಲಿ ಸೈಕಲ್ಲನ್ನು ನೆಲಕ್ಕೆ ಮಲಗಿಸಿದ್ದರು. ಆ ಬೂಟಿನ ಹೆಜ್ಜೆಗಳು ದಾರಿ ಬಿಟ್ಟು ಅಂಚಿನ ಕಡೆಗೆ ಹೋಗಿದ್ದವು. ಎಣಿಸಿದೆ. ಹನ್ನೊಂದು ಹೆಜ್ಜೆ. ಅಂಚಿಗೆ ಎರಡು ಮಾರು ಉಳಿದಿರುವಾಗ ಎರಡೂ ಕಾಲು ಜೋಡಿಯಾಗಿ ನಿಂತಿದ್ದವು. ನಿಂತಲ್ಲೇ ಒತ್ತಿ ಒತ್ತಿ ನೆಲ ತಗ್ಗಾಗಿತ್ತು. ಅಲ್ಲಿಂದ ಹಿಂದಕ್ಕೆ ತಿರುಗಿದ್ದವು. ಕೊನೆಗೆ ಗುಡ್ಡದ ಹಿಂದಿನ ಬಂಡಿದಾರಿಯಲ್ಲಿ ಜೀಪಿನ ಗಾಲಿಯ ಗುರುತಿನ ಹತ್ತಿರ ಸೈಕಲ್ಲಿನ ಗೆರೆ ಮುಗಿದಿತ್ತು.

ಸಪ್ನಾಗೆ ಸರಿಯಾಗಿಯೇ ಕೇಳಿಸಿತ್ತು. ಮೂವತ್ತೈದು ವರ್ಷದ ನೌಕರಿಯಲ್ಲಿ ಎಷ್ಟೋ ಹೆಣ ನೋಡಿದ್ದೇನೆ. ಆ ಹನ್ನೊಂದು ಹೆಜ್ಜೆಯನ್ನು ಮತ್ತೊಮ್ಮೆ ಎಣಿಸಿದೆ.

* * *

ನಾಲ್ಕು ಗಂಟೆಗೆ ಮೇಡಂ ಎಲ್ಲರನ್ನೂ ಖಣಿಯ ಮೊದಲ ಮೆಟ್ಟಿಲ ಹತ್ತಿರ ಸೇರಿಸಿದರು. ಪ್ರಬುದ್ಧನನ್ನೂ ಕರೆತಂದೆ. ಸಂತೋಷಕುಮಾರ ಜೀಪಿನಲ್ಲಿ ಬಂದ. ಕಾಲಿಗೆ ಚಪ್ಪಲಿ. ಬೂಟು, ಸೈಕಲ್ಲು ಎರಡೂ ಜೀಪಿನ ಹಿಂದೆಯೇ ಇದ್ದವು. ಮೇಡಂ ಬೂಟಿನ ಅಡಿಯನ್ನು ಒಮ್ಮೆ ತಿರುವಿ ನೋಡಿದರು.

ಸಪ್ನಾ ಹೇಗೆ ಬಿದ್ದಳೆಂದು ಫೈಲಿಗೆ ಬರೆಯಬೇಕು, ನಮಗೆ ಇದು ತಿಳಿಯುವುದಿಲ್ಲ, ಗೆದ್ದವರು ನೀವು, ಒಮ್ಮೆ ಇಳಿದು ತೋರಿಸಿರಿ ಎಂದು ಮೇಡಂ ಬಹಳ ಮರ್ಯಾದೆಯಿಂದ ಕೇಳಿದರು. ರಾಯರಿಗೆ ಹೆಮ್ಮೆಯಾಯಿತು. ಅವರೇ ಸೈಕಲ್ ಇಳಿಸಿ ಕೊಟ್ಟರು.

ಅವನು ಬೂಟು ಹಾಕಿಕೊಂಡ. ಸೈಕಲ್ ಏರಿದ. ಹತ್ತು ಮಾರು ಬಂದ. ಮೆಟ್ಟಿಲ ತುದಿಯಲ್ಲಿ ಎರಡೂ ಬ್ರೇಕು ಹಿಡಿದು ಕಾಲು ಕೆಳಗಿಟ್ಟ. ಹಿಂದೆ ಹೋದ, ಮತ್ತೆ ಬಂದ, ಮತ್ತೆ ಕಾಲಿಟ್ಟ. ಮೂರನೇ ಸಲ ಹಿಂದೆ ಹೋಗಲೇ ಇಲ್ಲ. ಮುಂದೆ ಖಣಿ, ಹಿಂದೆ ನಾವು.

ಮೇಡಂ ಅವನ ಕಾಲ ಹತ್ತಿರದ ಗುರುತು ತೋರಿಸಿದರು. ಚೌಕ ಗುಂಡಿ. ಆಮೇಲೆ ರಾಯರಿಗೆ ಒಂದೊಂದಾಗಿ ಹೇಳಿದರು. ಯುಗಾದಿಯ ರೇಸಿನಲ್ಲಿ ಬಿದ್ದು ಹೆಗಲ ಮೂಳೆ ಮುರಿದದ್ದು ಕೂಡಿಕೊಂಡಿದೆ, ಧೈರ್ಯ ಕೂಡಿಕೊಂಡಿಲ್ಲ. ಕೆಂಪು ದಾರಿ ಬೇಕೆಂದು ಸಭೆಯಲ್ಲಿ ಕೂಗುವವನು ಭಾನುವಾರ ನಸುಕಿನಲ್ಲಿ ಮಕ್ಕಳ ದಾರಿಯಲ್ಲಿ ಮೊದಲಿನಿಂದ ಕಲಿಯುತ್ತಿದ್ದಾನೆ. ಜೀಪನ್ನು ಗುಡ್ಡದ ಹಿಂದೆ ನಿಲ್ಲಿಸಿ ಸೈಕಲ್ಲಿನಲ್ಲಿ ಬೇವಿನ ಮರಕ್ಕೆ ಸುತ್ತಿ ಬರುತ್ತಾನೆ. ಯಾರೂ ಹಿಂದೆ ಬರಬಾರದೆಂದು ಕೆಂಪು ದಾರಿಯ ಕಂಟಿಯನ್ನೇ ತಂದು ತನ್ನ ಬೆನ್ನಿಗೆ ಎಳೆದುಕೊಳ್ಳುತ್ತಾನೆ, ಜನ ಬರುವ ಮುಂಚೆ ಮತ್ತೆ ಅಲ್ಲೇ ಹಚ್ಚುತ್ತಾನೆ. ಇವತ್ತು ಅದಕ್ಕೆ ಮರಳಿ ಬರಲಿಲ್ಲ. ಯಾಕೆಂದರೆ ಕೂಗು ಕೇಳಿಸಿತು.

“ಅಫಜಲಪುರ ದಾರಿ ಪೂರಾ ಕರಿಮಣ್ಣು,” ಎಂದರು ಮೇಡಂ. “ನೀವು ಹಾಕೋ ಮೊದಲೇ ನಿಮ್ಮ ಬೂಟಿನ ಬಿಲ್ಲೆಯಾಗ ಕೆಂಪು ಗರಸು ಕುಂತಿತ್ತು. ಕೂಗು ಕೇಳಿ ಹನ್ನೊಂದು ಹೆಜ್ಜಿ ಬಂದ್ರಿ. ಯಾಕ ನಿಂತ್ರಿ?”

ಅವನು ಸೈಕಲ್ಲನ್ನು ನೆಲಕ್ಕೆ ಮಲಗಿಸಿದ.

“ಇಳಿದ್ರ ಆಕಿ ನನ್ನ ನೋಡ್ತಿದ್ದಳ್ರಿ. ಬಿಳಿ ದಾರ್ಯಾಗಿಂದ ಬಂದೆ ಅಂತ ಎಲ್ಲಾರಿಗೂ ಗೊತ್ತಾಗ್ತಿತ್ತು. ಹೊಸಬರು ಬಂದ ಕೂಡ್ಲೆ ಎತ್ತತಾರ ಅಂದ್ಕೊಂಡೆ.”

ದೌಲತರಾಯರು ಹತ್ತಿರದ ಕಲ್ಲಿನ ಮೇಲೆ ಕುಳಿತುಬಿಟ್ಟರು. ಅವರನ್ನು ಎಬ್ಬಿಸಲು ಯಾರೂ ಹೋಗಲಿಲ್ಲ.

ಮೇಡಂ ಪ್ರಬುದ್ಧನ ಕಡೆ ತಿರುಗಿದರು. ಪ್ರತಿ ವಾರ ಈ ದಾರಿ ಸರಿಮಾಡುವವನು ನೀನು, ಈ ಗುರುತು ನಿನ್ನ ಕಣ್ಣಿಗೆ ಬಿದ್ದಿಲ್ಲವೇ ಎಂದು ಕೇಳಿದರು.

“ಬಿದ್ದಾವ್ರಿ. ಎರಡು ತಿಂಗಳಿಂದ ಸೋಮವಾರಕ್ಕೊಮ್ಮೆ ಕಸಬರಿಗಿಲೆ ಉಡಗೇನಿ. ಯಾರಾರ ನೋಡಿ ನಕ್ಕಾರಂತ.” ಅವನು ಸಂತೋಷಕುಮಾರನ ಕಡೆ ನೋಡಲಿಲ್ಲ. “ಕೂಗು ಕೇಳಿ ಬಿಟ್ಟು ಹೋಗ್ತಾನಂತ ನಾ ನಂಬಲಿಲ್ರಿ. ಅದಕ್ಕ ಹೆಸರು ಹೇಳಲಿಲ್ಲ.”

ಇಂಥವನನ್ನು ಬೆಳಿಗ್ಗೆಯಿಂದ ಕಳ್ಳನಂತೆ ಕೂರಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಎಫ್‌ಐಆರ್‌ನಲ್ಲಿ ಸಂತೋಷಕುಮಾರನ ಹೆಸರು ಬಿತ್ತು. ಅವನನ್ನು ಪ್ರಬುದ್ಧ ಕುಳಿತಿದ್ದ ಬೆಂಚಿನ ಮೇಲೆಯೇ ಕೂರಿಸಿದೆ. ಪ್ರಬುದ್ಧನ ಕಾಗದಕ್ಕೆ ಆ ಸಂಜೆಯೇ ಬರೆದು, ಮೇಡಂ ಸಹಿ ಹಾಕಿಸಿದೆ. ಮಲ್ಕಮ್ಮ ಆಗ ನೀರು ಕುಡಿದಳು.

* * *

ಮಂಗಳವಾರ ಕಲಬುರಗಿಯ ಆಸ್ಪತ್ರೆಗೆ ಸಪ್ನಾಳ ಹೇಳಿಕೆ ಬರೆದುಕೊಳ್ಳಲು ಹೋದೆವು. ಕಾಲಿಗೆ ರಾಡು ಹಾಕಿದ್ದರು. ಮೇಲೆ ನಿಂತವರು ಯಾರು ಎಂದು ಅವಳೇ ಮೊದಲು ಕೇಳಿದಳು. ಮೇಡಂ ಏನನ್ನೂ ಮುಚ್ಚಿಡದೆ ಹೇಳಿದರು. ಅವಳು ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡಳು.

ಒಂದು ಮಾತು ಉಳಿದಿತ್ತು. ಹೊಸಬರು ಬರುವುದು ಎಂಟಕ್ಕೆ. ಇವಳು ಆರೂಕಾಲಿಗೇ ಯಾಕೆ ಬಂದಳು?

“ಹ್ವಾದ ವಾರ ನಾಕು ಸಲ ಬಿದ್ದಿದ್ದೆ ಮೇಡಂ. ನಮ್ಮ ಸಾಲಿ ಮಕ್ಕಳು ನಿಂತು ನೋಡಿ ನಕ್ಕಿದ್ರು. ಯಾರೂ ನೋಡಬಾರದಂತ ಜಲ್ದಿ ಬಂದಿದ್ದೆ.” ಅವಳು ಕಿಟಕಿಯಿಂದ ನಮ್ಮ ಕಡೆ ತಿರುಗಿದಳು. “ಅಂವನೂ ಅದಕ್ಕ ಬಂದಿದ್ದ. ಆದ್ರ ನಾ ಕೂಗಿದೆನಲ್ರಿ. ನಾಚಿಕಿ ಬಿಟ್ಟು, ಎರಡು ತಾಸು ಕೂಗಿದೆ.”

ಇದನ್ನೂ ಬರೆದುಕೊಳ್ಳಿರಿ ಎಂದರು ಮೇಡಂ. ಅವಳು ಹೇಳಿದ ಹಾಗೆಯೇ ಬರೆದುಕೊಂಡೆ.