ಎರಡು ಸಲ ಕೂಗಿದ ಹೆಸರು

"ಆ ಗ್ಲಾಸು ಕೆಳಗಿಡಿ. ಅದು ಸತ್ತವಳ ಬಿಯರು."

ಡೆನ್ಜಿಲ್ ಬೆಚ್ಚಿಬಿದ್ದ. ಆದರೆ ತಡವಾಗಿತ್ತು. ಎರಡು ಗುಟುಕು ಆಗಲೇ ಹೊಟ್ಟೆ ಸೇರಿತ್ತು.

"ಕ್ಷಮಿಸಿ... ಮೇಜಿನ ಮೇಲಿತ್ತು. ನನಗೇ ತಂದಿಟ್ಟಿದ್ದೀರಿ ಅಂದ್ಕೊಂಡೆ. ಅವರು ಯಾವಾಗ ಬರ್ತಾರೆ?"

"ಬರೋದೇನು? ನೀವು ಅವಳ ತೊಡೆ ಮೇಲೇ ಕೂತಿದೀರಿ," ಎಂದಳು ಪಬ್ಬಿನ ಒಡತಿ.

ಮೂಲೆಯಲ್ಲಿದ್ದ ಮುದಿ ಮೀನುಗಾರ ಕ್ಲೆಮ್ ಕೆಮ್ಮು ಬರುವಷ್ಟು ನಕ್ಕ. ಡೆನ್ಜಿಲ್ ಧಡಕ್ಕನೆ ಎದ್ದು ನಿಂತು, ಖಾಲಿ ಕುರ್ಚಿಗೆ ತಲೆಬಾಗಿ, "ತಪ್ಪಾಯ್ತು ತಾಯಿ" ಅಂದ.

ಕಾರ್ನ್‌ವಾಲಿನ ಪೋರ್ತ್‌ವೀನ್ ಬಂದರಿನಲ್ಲಿರುವ ‘ಹಳೇ ಲಂಗರು’ ಪಬ್ಬಿನ ಒಡತಿ ಲೊವೆನಾ ಸುಲಭಕ್ಕೆ ನಗುವವಳಲ್ಲ. ಆದರೂ ಅವತ್ತು ತುಟಿಯಂಚಿನಲ್ಲಿ ನಗು ಬಂದೇಬಿಟ್ಟಿತು. ಈ ದೆವ್ವದ ಕುರ್ಚಿಯ ಮುಂದೆ ಹಲ್ಲು ಕಿರಿದು ಫೋಟೊ ತೆಗೆಸಿಕೊಂಡವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಕ್ಷಮೆ ಕೇಳಿದವನು ಇವನೊಬ್ಬನೇ.

ಅವನು ಜಿಲ್ಲೆಯ ದಾಖಲೆ ಕಚೇರಿಯವನು. ಹಳೆಯ ಪಬ್ಬುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ.

"ದೆವ್ವ ಓಡಿಸೋಕೆ ಬಂದ್ರಾ?"

"ಇಲ್ಲಪ್ಪ. ಯಾವುದು ಕಥೆ, ಯಾವುದು ನಿಜ ಅಂತ ಬೇರೆ ಮಾಡೋಕೆ. ಎರಡೂ ನನಗಿಷ್ಟ."

ಕಥೆ ಊರಿಗೆಲ್ಲ ಬಾಯಿಪಾಠ. ಸುಮಾರು ಇನ್ನೂರು ವರ್ಷದ ಹಿಂದೆ ಈ ಮನೆಯ ಮಗಳು ಕೆಜಿಯಾಗೆ ಒಬ್ಬ ದೋಣಿಯವನ ಜೊತೆ ಮದುವೆ ಗೊತ್ತಾಗಿತ್ತು. ಮದುವೆಗೆ ಯಾರದಾದರೂ ಆಕ್ಷೇಪವಿದೆಯೇ ಎಂದು ಪದ್ಧತಿಯಂತೆ ಮೂರು ಭಾನುವಾರ ಚರ್ಚಿನಲ್ಲಿ ಇಬ್ಬರ ಹೆಸರನ್ನೂ ಕೂಗಿದರು. ಮದುವೆಯ ದಿನ ಗಂಡು ಬರಲಿಲ್ಲ. ಕೆಜಿಯಾ ಮದುವೆಯ ಬಟ್ಟೆಯಲ್ಲೇ ಮೇಲಿನ ಕಿಟಕಿಯಲ್ಲಿ ದೀಪ ಹಿಡಿದು ನಲವತ್ತು ದಿನ ಕಾದು ಪ್ರಾಣ ಬಿಟ್ಟಳು. ಅವಳ ಹೆಸರಲ್ಲಿ ದಿನವೂ ಒಂದು ಗ್ಲಾಸು ಬಿಯರು ಇಡುವುದು ಈ ಮನೆಯ ನೇಮ.

ಲೊವೆನಾಗೆ ಅದು ಬರೀ ಕಥೆಯಲ್ಲ. ನಾಲ್ಕು ವರ್ಷದ ಹಿಂದೆ ಅವಳ ಹೆಸರನ್ನೂ ಅದೇ ಚರ್ಚಿನಲ್ಲಿ ಮೂರು ಭಾನುವಾರ ಕೂಗಿದ್ದರು. ಅವಳ ಗಂಡೂ ಬರಲಿಲ್ಲ. ಕೈಯಲ್ಲಿ ಹೂ ಹಿಡಿದು ಅವಳು ಚರ್ಚಿನ ಬಾಗಿಲಲ್ಲಿ ನಿಂತೇ ಇದ್ದಳು...

‘ಲಂಗರಿನ ಹುಡುಗಿಗೆ ಹೆಸರು ಕೂಗಿದ್ರೂ ಉಂಗುರ ಇಲ್ಲ’ ಎಂದು ಊರು ಆಡಿಕೊಂಡಿತು. ಮನೆಗೇ ಶಾಪವಿದೆಯೆಂದು ಅವಳೂ ನಂಬಿದಳು. ಮತ್ತೆ ಯಾರಿಗೂ ಮನಸ್ಸು ಕೊಡುವುದಿಲ್ಲ ಎಂದು ಆಣೆ ಹಾಕಿಕೊಂಡಳು. ಅವಳ ನೋವು ಅರಿತವಳು ಕೆಜಿಯಾ ಒಬ್ಬಳೇ.

ಡೆನ್ಜಿಲ್ ಪ್ರತಿ ಗುರುವಾರ ಮಧ್ಯಾಹ್ನ ಬರತೊಡಗಿದ. ನೆಲಮಾಳಿಗೆಯಲ್ಲಿ ಆಗಾಗ ಕೇಳುವ, ಕೆಜಿಯಾಳದ್ದೆಂದು ಊರು ನಂಬಿದ್ದ ನಿಟ್ಟುಸಿರಿನ ಗುಟ್ಟು ಹಿಡಿಯಲು ಕಲ್ಲಿಗೆ ಕಿವಿಯಿಟ್ಟು ಗಂಟೆಗಟ್ಟಲೆ ಮಲಗಿದ.

"ಸಮುದ್ರ ಉಕ್ಕಿದಾಗ ಇಲ್ಲಿಂದ ದಡಕ್ಕೆ ಹೋಗೋ ಹಳೇ ಸುರಂಗದೊಳಗಿನ ಗಾಳಿ ಮೇಲಕ್ಕೆ ಬರುತ್ತೆ. ಅದೇ ನಿಟ್ಟುಸಿರು," ಎಂದ. ಮೈಯೆಲ್ಲ ಧೂಳು, ಮುಖದಲ್ಲಿ ಹಬ್ಬ.

"ಅಂದ್ರೆ ಸುಳ್ಳು ಅಂತೀರಾ?"

"ನಿಟ್ಟುಸಿರು ನಿಜ. ಬಿಡ್ತಿರೋದು ಸಮುದ್ರ ಅಷ್ಟೆ."

ಅವನು ಯಾವುದನ್ನೂ ಹಾಳುಮಾಡದೆ ಬಿಡಿಸಿ ನೋಡುತ್ತಿದ್ದ. ಲೊವೆನಾ ಬಟ್ಟೆಯಲ್ಲಿ ಗ್ಲಾಸು ಒರೆಸುತ್ತ ಅವನ ತಾಳ್ಮೆಯನ್ನು ಮೆಚ್ಚುಗೆಯಿಂದ ನೋಡುತ್ತಿದ್ದಳು. ಒರೆಸಿದ ಗ್ಲಾಸನ್ನೇ ಮತ್ತೆ ಒರೆಸುತ್ತಿದ್ದಳು. ಕ್ಲೆಮ್ ಕಣ್ಣಿಗೆ ಅದು ತಪ್ಪಲಿಲ್ಲ.

"ಆ ಗ್ಲಾಸು ಸವೆದು ಹೋಗುತ್ತೆ ಮಗಳೇ."

ಆಣೆ ಎಲ್ಲಿ ಹೋಯಿತೋ... ಗುರುವಾರ ಬಂದರೆ ಅವಳ ಕಿವಿ ಬಾಗಿಲಲ್ಲೇ ಇರುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಡೆನ್ಜಿಲ್ ನೆಲಮಾಳಿಗೆಗೆ ಇಳಿದಿದ್ದ. ಅವನ ಟಿಪ್ಪಣಿ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಬೇರೆಯವರ ಬರಹ ಓದಬಾರದೆಂದು ಲೊವೆನಾಗೆ ಗೊತ್ತು. ಆದರೂ ಕಣ್ಣು ಹಾಯಿತು.

‘ಕೆಜಿಯಾ ದೆವ್ವ: ಒಡತಿಯೇ ಕಟ್ಟಿದ ಸುಳ್ಳು. ಜನರ ಕಣ್ಣಿಗೆ ಮಣ್ಣೆರಚಲು.’

ಒಡತಿ... ಅಂದರೆ ನಾನು? ವ್ಯಾಪಾರಕ್ಕಾಗಿ ಸತ್ತವಳ ಹೆಸರು ಮಾರಿಕೊಳ್ಳುವವಳು ಎಂದುಕೊಂಡನೇ ಇವನು? ಇಷ್ಟು ದಿನ ನಕ್ಕಿದ್ದೆಲ್ಲ ಇದಕ್ಕೇನಾ?

ಅವನು ಮೇಲೆ ಬಂದಾಗ ಕೋಟು, ಪುಸ್ತಕ ಎರಡನ್ನೂ ಅವನ ಕೈಗೆ ತುರುಕಿದಳು.

"ಹೊರಡಿ. ಇನ್ನು ಬರಬೇಡಿ."

"ಏನಾಯ್ತು? ನಾನೇನು ಮಾಡಿದೆ?"

"ಬಾಗಿಲು ಅಲ್ಲಿದೆ."

ಅವನು ಹೋದ. ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನದೂ ಖಾಲಿ ಹೋಯಿತು. ಲೊವೆನಾ ಕೆಜಿಯಾಳ ಬಿಯರು ಇಟ್ಟು, ಎದುರಿಗೆ ಕೂತು ಅತ್ತಳು. ಕೇಳಿದ ಕ್ಲೆಮ್‌ಗೆ ಆ ಸಾಲನ್ನು ಹೇಳಿದಳು. ಮುದುಕ ಗಡ್ಡ ಕೆರೆದುಕೊಂಡ. ಮಾರನೆಯ ದಿನ ಜನ್ಮದಲ್ಲಿ ಮೊದಲ ಸಲ ದಾಖಲೆ ಕಚೇರಿಯ ಮೆಟ್ಟಿಲು ಹತ್ತಿದ.

ಮೂರನೆಯ ಗುರುವಾರ ಬಾಗಿಲು ತೆರೆಯಿತು. ಡೆನ್ಜಿಲ್ ಹೊಸ್ತಿಲಲ್ಲೇ ನಿಂತ.

"ಆ ಒಡತಿ ನೀವಲ್ಲ. ಎರಡು ಹಾಳೆ ತೋರಿಸಿ ಹೋಗ್ತೀನಿ. ಆಮೇಲೂ ಬೈಬೇಕು ಅನ್ಸಿದ್ರೆ ಬೈರಿ."

ಲೊವೆನಾ ಮೇಜು ಒರೆಸಿ ಜಾಗ ಮಾಡಿದಳು.

ಮೊದಲನೆಯದು ಚರ್ಚಿನ ಹಳೆಯ ಪುಸ್ತಕದ ನಕಲು. 1834ರ ಏಪ್ರಿಲ್‌ನಲ್ಲಿ ಕೆಜಿಯಾಳ ಹೆಸರು, ಅವಳ ಗಂಡಿನ ಹೆಸರು. ಪಕ್ಕದಲ್ಲಿ ‘ಮದುವೆ ಆಗಲಿಲ್ಲ’ ಎಂದಿತ್ತು.

"ಗೊತ್ತಿರೋದೇ ತಾನೆ," ಎಂದಳು.

"ಕೆಳಗೆ ನೋಡಿ. ಅಕ್ಟೋಬರ್."

ಅವೇ ಎರಡು ಹೆಸರು. ಮತ್ತೆ ಮೂರು ಭಾನುವಾರ. ಅದರಡಿ ಮದುವೆಯ ತಾರೀಕು.

"ಅವನ ದೋಣಿ ಫ್ರಾನ್ಸ್ ದಡದಲ್ಲಿ ಒಡೆದಿತ್ತು. ಬರೋಕೆ ಐದು ತಿಂಗಳು ಹಿಡೀತು. ಹೆಸರು ಕೂಗಿ ಮೂರು ತಿಂಗಳು ದಾಟಿದ್ರೆ ಮತ್ತೆ ಕೂಗಿಸಬೇಕು. ಕೂಗಿಸಿದ್ರು."

"ಬಂದನಾ...? ಅವನು ಬಂದನಾ?"

"ಬಂದ. ಇಬ್ರೂ ನಲವತ್ತು ವರ್ಷ ಈ ಪಬ್ಬು ನಡೆಸಿದ್ರು. ನೆಲಮಾಳಿಗೆ ತುಂಬ ಕಳ್ಳಸಾಗಣೆ ಬ್ರಾಂಡಿ. ಈಗ ಇದು ಓದಿ."

ಎರಡನೆಯದು, ಆ ಮದುವೆಯಾಗಿ ಕೆಲವು ವರ್ಷದ ಮೇಲೆ, ಕಳ್ಳಸಾಗಣೆ ಹಿಡಿಯುವ ಕರಾವಳಿ ಕಾವಲಿನ ಅಧಿಕಾರಿಯೊಬ್ಬ ಬರೆದ ಪತ್ರ. ‘ಮೇಲಿನ ಕಿಟಕಿಯಲ್ಲಿ ಆಗಾಗ ಕಾಣುವ ದೀಪದ ಬಗ್ಗೆ ಪಬ್ಬಿನ ಒಡತಿಯನ್ನು ವಿಚಾರಿಸಿದೆ. ಅದು ಕೆಜಿಯಾ ಎಂಬ ಮದುಮಗಳ ಪ್ರೇತ, ಮೇಲೆ ಹೋದವರು ಉಳಿಯುವುದಿಲ್ಲ ಎಂದು ಆಕೆ ಅಳುತ್ತ ಹೇಳಿದಳು. ನನ್ನ ಆಳುಗಳು ಮೆಟ್ಟಿಲು ಹತ್ತಲು ಒಪ್ಪಲಿಲ್ಲ.’

"ದೀಪ ಬ್ರಾಂಡಿ ದೋಣಿಗೆ ಸನ್ನೆ. ಆ ಒಡತಿಯ ಹೆಸರೇನು ಅಂತ ಮಾತ್ರ ಆ ಪುಣ್ಯಾತ್ಮ ಕೇಳ್ಲಿಲ್ಲ," ಎಂದ ಡೆನ್ಜಿಲ್.

ಲೊವೆನಾಗೆ ನಗು ಉಕ್ಕಿ ಬಂತು. ಕಣ್ಣೀರೂ ಬಂತು.

"ಸತ್ತವಳೇ ಬಾಗಿಲು ತೆಗೆದು ಮಾತಾಡಿದ್ದಾಳೆ. ಎಂಥಾ ಗಟ್ಟಿಗಿತ್ತಿ..."

"ಈ ಮನೆ ಹೆಣ್ಮಕ್ಕಳೇ ಹಾಗೆ ಅಂತ ಕಾಣುತ್ತೆ."

ಅವಳ ನಗು ನಿಂತಿತು. ಕೆಜಿಯಾಳ ಗ್ಲಾಸಿನ ಕಡೆ ನೋಡಿದಳು. ಇಷ್ಟು ವರ್ಷ ತನ್ನ ಜೊತೆ ಕಾಯುತ್ತಿದ್ದಾಳೆ ಎಂದುಕೊಂಡವಳ ಕಾಯುವಿಕೆ ಐದೇ ತಿಂಗಳಿಗೆ ಮುಗಿದಿತ್ತು. ಈಗ ತಾನೊಬ್ಬಳೇ.

"ಅವಳವನು ಬಂದ. ನನ್ನವನು ಬರ್ಲಿಲ್ಲ ಡೆನ್ಜಿಲ್."

"ಅದು ನಿಜ. ಅದನ್ನ ಅಳಿಸೋಕೆ ನನ್ನ ಕೈಲಾಗಲ್ಲ," ಎಂದು ಅವನು ಮೆಲ್ಲಗೆ ಹೇಳಿದ. "ಆದ್ರೆ ಈ ಮನೆಗೆ ಶಾಪ ಇದೆ ಅನ್ನೋದು ಬರೀ ಕಥೆ."

ಅವನು ಹಾಳೆಗಳನ್ನು ಮಡಿಸಲು ಹೋಗಿ ಬಿಟ್ಟುಬಿಟ್ಟ.

"ಕೆಜಿಯಾ ಹೆಸರನ್ನ ಎರಡನೇ ಸಲ ಕೂಗಿದಾಗ ಮದುವೆ ಆಯ್ತು. ನಿಮ್ಮ ಹೆಸರನ್ನೂ ಇನ್ನೊಂದು ಸಲ ಕೂಗಿಸೋಕೆ ಒಪ್ತೀರಾ? ಪಕ್ಕದಲ್ಲಿ... ನನ್ನದು."

ಮೂಲೆಯಲ್ಲಿ ಕ್ಲೆಮ್ ಗ್ಲಾಸು ಎತ್ತಿದವನು ಹಾಗೇ ಕೂತುಬಿಟ್ಟ.

ಲೊವೆನಾಗೆ ಭಯವಾಯಿತು. ಚರ್ಚಿನ ಬಾಗಿಲು, ಬಾಡಿದ ಹೂ ಎಲ್ಲ ಕಣ್ಣ ಮುಂದೆ ಬಂದವು. ಎದ್ದು ಹೋಗಿ ಕೆಜಿಯಾಳ ಗ್ಲಾಸು ತಂದು ಅವನ ಮುಂದಿಟ್ಟಳು.

"ಅವತ್ತು ಅರ್ಧಕ್ಕೇ ಬಿಡಿಸಿದ್ದೆ. ಇವತ್ತು ಪೂರ್ತಿ ಕುಡೀರಿ. ಅವಳು ಬೇಡ ಅನ್ನಲ್ಲ."

"ಅಂದ್ರೆ... ಒಪ್ಪಿದ್ರಾ?"

"ಒಪ್ಪಿದೆ. ಆದ್ರೆ ಆ ಮೂರು ಭಾನುವಾರ ನಾನು ಚರ್ಚಿಗೆ ಬರಲ್ಲ. ಕೂಗೋವಾಗ ನಮ್ಮ ಹೆಸರು ನಾವೇ ಕೇಳಿಸ್ಕೊಂಡ್ರೆ ಅಪಶಕುನ ಅಂತಾರೆ. ಹೋದ ಸಲ ಮೂರೂ ವಾರ ಹೋಗಿ ಕೇಳಿದ್ದೆ."

ಅವನು ನಕ್ಕ. "ಅದು ಕಥೆನಾ, ನಿಜಾನಾ?"

"ಕಥೆ. ಆದ್ರೂ ಬರಲ್ಲ."

"ಸರಿ. ಹಾಗಾದ್ರೆ ಆ ಮೂರು ಭಾನುವಾರ ನಾನೆಲ್ಲಿರ್ಲಿ?"

ಅವಳು ಅವನ ಕೈ ಹಿಡಿದುಕೊಂಡಳು.

"ಇಲ್ಲೇ ಇರು. ನನ್ನ ಕಣ್ಣೆದುರಿಗೆ."