ಮೂರು ಬೆರಳಿನ ಗೆರೆ

ನನಗೆ ದೆವ್ವದ ಮೇಲೆ ನಂಬಿಕೆಯಿಲ್ಲ. ನಮ್ಮ ಮರ ಕಡಿಯುವ ತಂಡದ ಸಾಹೇಬನ ಮೇಲಂತೂ ಮೊದಲಿನಿಂದಲೂ ಇಲ್ಲ.

ಪೈನ್ ಮರ ಕಡಿದ ದಿನವೇ ನೆಲದಲ್ಲಿ ಉಳಿದ ಬೊಡ್ಡೆಗೆ ಔಷಧಿಯ ಲೇಪ ಬಳಿಯಬೇಕು. ಇಲ್ಲದಿದ್ದರೆ ಆ ಹಸಿಗಾಯದಲ್ಲಿ ಶಿಲೀಂಧ್ರ ಹತ್ತಿಕೊಂಡು, ಬೇರಿನಿಂದ ಬೇರಿಗೆ ದಾಟಿ, ಸುತ್ತಲಿನ ಮರಗಳನ್ನೂ ಕೊಳೆಸುತ್ತದೆ. ಮೇಲೆ ನೋಡಿದರೆ ಹಸಿರು, ಕೆಳಗೆ ಬೇರೇ ಇರುವುದಿಲ್ಲ.

"ಔಷಧಿ ಡಬ್ಬಿ ಮುಟ್ಬೇಡಿ, ಹಚ್ಚಿದ್ದೀವಿ ಅಂತ ಪುಸ್ತಕದಲ್ಲಿ ಬರೆದಾಗಿದೆ," ಎನ್ನುತ್ತಿದ್ದ ಸಾಹೇಬ. ಅದೇ ತಂಡದಲ್ಲಿದ್ದ ನನ್ನ ಭಾವ ಎಂಟು ವರ್ಷ ಅವನೊಂದಿಗೆ ಜಗಳವಾಡಿದರು. ಕೊನೆಗೆ ಗಾಳಿಯೇ ಇಲ್ಲದ ಒಂದು ಮಧ್ಯಾಹ್ನ ಹಸಿರು ಮರವೊಂದು ಬುಡಮೇಲಾಗಿ ಅವರ ಬೆನ್ನಿನ ಮೇಲೆ ಬಿತ್ತು; ಅಲ್ಲೇ ಪ್ರಾಣ ಹೋಯಿತು. ಅವರದೇ ಅಜಾಗರೂಕತೆ ಎಂದು ಸಾಹೇಬ ಕೈತೊಳೆದುಕೊಂಡ.

ದೂರು ಕೊಟ್ಟು ತನಿಖಾಧಿಕಾರಿಯನ್ನು ಕರೆಸಿದವನು ನಾನು. ಲೇಪ ಕಾಣದ ಒಣ ಬೊಡ್ಡೆಗಳನ್ನು ತೋರಿಸಲು ಬೆಳಿಗ್ಗೆ ಕಾಡಿಗೆ ಕರೆದೊಯ್ದರೆ, ಎಂಟು ವರ್ಷ ಹಳೆಯವೂ ಸೇರಿ ಅಷ್ಟೂ ಬೊಡ್ಡೆಗಳ ಮೇಲೆ ಹಸಿ ಲೇಪ. ಬಿಸಿಲು ಬಿದ್ದ ಕಡೆಯೂ ಮಂಜುಗಡ್ಡೆಯಂತೆ ತಣ್ಣಗೆ. ಒಂದೊಂದರ ಮೇಲೂ ಮೂರೇ ಬೆರಳಿನ ಗೆರೆ. ಭಾವನ ಬಲಗೈಯ ಎರಡು ಬೆರಳನ್ನು ಗರಗಸ ತಿಂದಿತ್ತು.

"ಹಚ್ಚಿದ್ದಾರಲ್ಲಪ್ಪ, ಇನ್ನೇನು ನಿನ್ ತಕರಾರು?" ಎಂದರು ಅಧಿಕಾರಿ. ಸಾಹೇಬ ಲೇಪ ಮುಟ್ಟಿ ನೋಡಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ.

"ಸತ್ತ ಮೇಲೂ ಇವನ ಸುಳ್ಳನ್ನ ನಿಜ ಮಾಡಿಕೊಟ್ರಲ್ಲ ಭಾವ," ಎಂದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನೇರ ಗೋದಾಮಿಗೆ ಹೋದೆ. ಡಬ್ಬಿಗಳೆಲ್ಲ ಸೀಲು ಒಡೆಯದೆ ಇದ್ದ ಹಾಗೇ ಇದ್ದವು. ಎತ್ತಿದರೆ ಹಗುರ. ಒಂದರ ಸೀಲನ್ನು ನಾನೇ ಒಡೆದೆ.

ಒಳಗೆ, ತಳದ ತನಕ, ಮೂರು ಬೆರಳಿನಿಂದ ಬಳಿದು ತೆಗೆದ ಗೆರೆಗಳಿದ್ದವು.